ಅಪ್‌ಡೇಟ್: ಅಸಲು ಹುಡುಕುವ ಬಡ್ಡಿ ಲೆಕ್ಕ ಮಗಳಿಗೆ ಕೊನೆಗೂ ತಲೆಗೆ ಹತ್ತಿತು

ಸೋಮವಾರಪೇಟೆಯಿಂದ ಕೇಳಿದ್ದೆನಲ್ಲ, 8% ಸರಳ ಬಡ್ಡಿಯಲ್ಲಿ 3 ವರ್ಷಕ್ಕೆ ಮೊತ್ತ (ಅಸಲು, ಬಡ್ಡಿ ಎರಡೂ ಸೇರಿ) 12,400 ರೂಪಾಯಿ ಆದರೆ ಅಸಲು ಎಷ್ಟು ಅಂತ? ಬಗೆಹರಿಯಿತು.

ಉತ್ತರ ಕೊಟ್ಟವರು ಸೂತ್ರ ಬಾಯಿಪಾಠ ಮಾಡಿಸಿ ಅಂದಿದ್ದು ನಡೆಯಲಿಲ್ಲ. ಮಗಳು 12,400ನ್ನೇ ಬಡ್ಡಿಯ ಜಾಗಕ್ಕೆ ಹಾಕಿ ಕೂರುತ್ತಿದ್ದಳು. ಕೆಲಸಕ್ಕೆ ಬಂದಿದ್ದು 'ಮೊದಲು ಅಸಲು 100 ಅಂದುಕೊಳ್ಳಿ' ಎಂಬ ಸಲಹೆ. 100ಕ್ಕೆ 3 ವರ್ಷದ ಬಡ್ಡಿ 24, ಮೊತ್ತ 124. ಆಮೇಲೆ 100ರ ಜಾಗಕ್ಕೆ ಎಕ್ಸ್ ಬಂತು: 1.24 ಎಕ್ಸ್ = 12,400. ಭಾಗಿಸಿದರೆ 10,000. ಎಕ್ಸ್ ಕಂಡರೆ ಹೆದರುತ್ತಿದ್ದವಳು ಈಗ ಸುಮ್ನೆ ಬರೆದುಬಿಡುತ್ತಾಳೆ.

ಮಜಾ ಏನಂದರೆ, ಕಾಫಿ ಕೊಯ್ಲಿನ ಕೂಲಿಗೆ ಪಕ್ಕದ ತೋಟದವರು ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಸಾಲ ತಂದಿದ್ದಾರೆ. ಅದನ್ನು ಕೇಳಿ, "ಅಪ್ಪ, ವರ್ಷಕ್ಕೆ 24% ಆಯ್ತಲ್ವಾ? ಪುಸ್ತಕದ ಮೂರು ವರ್ಷದ ಬಡ್ಡಿ ಇವರಿಗೆ ಒಂದೇ ವರ್ಷಕ್ಕೆ!" ಅಂದಳು.