ಘಟ್ಟ ಹತ್ತಿ ಬಂದ ಯಾಟ್‌ನಿಂದ ಉಪ್ಪು ಬಿಡಿಸುವುದು ಹೇಗೆ? ಅನುಭವಸ್ಥರು ಹೇಳಿ

ಕೇಳಿದವರು: ಚಿಕ್ಕಮಗಳೂರು

21 ಅಡಿಯ ಫೈಬರ್ ಹಾಯಿ ಯಾಟ್. ಪುಟ್ಟ ಕ್ಯಾಬಿನ್, ಮೇಲೆತ್ತುವ ಎರಕದ ಕಬ್ಬಿಣದ ಕೀಲ್ (ತಳದಿಂದ ನೀರಿಗೆ ಇಳಿಯುವ ಹಲಗೆ), ಅಲ್ಯೂಮಿನಿಯಂ ಕಂಬ, ಹಿಂದೆ 9.9 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಹೊರಗೆ ಸಿಕ್ಕಿಸುವ ಎಂಜಿನ್). ಅಕ್ಟೋಬರ್‌ನಿಂದ ಮೇ ತನಕ ಮಲ್ಪೆಯಲ್ಲಿ ಇರುತ್ತೆ, ಮಳೆಗಾಲಕ್ಕೆ ಟ್ರೇಲರ್ ಮೇಲೆ ಚಾರ್ಮಾಡಿ ಹತ್ತಿಸಿ ತೋಟದ ಶೆಡ್ಡಿಗೆ ತರುತ್ತೇವೆ. ಈಗ ಬಿಳಿ ಮೈ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತೆ, ಸ್ಟೀಲ್ ರೇಲಿಂಗ್ ಬುಡದಲ್ಲಿ ಕಂದು ಕಲೆ, ಕ್ಯಾಬಿನ್ ಒಳಗೆ ಬೂಷ್ಟು. ಸಮುದ್ರದಿಂದ ದೂರ ಇಟ್ಟರೂ ಯಾಕೆ ಹೀಗೆ? ಎಲ್ಲಿಂದ ಶುರು ಮಾಡಬೇಕು?

ಮೂಡಿಗೆರೆಯಿಂದ

ಸಾರ್, ಸಮುದ್ರ ದೂರ ಆಯ್ತು, ಉಪ್ಪು ಜೊತೆಗೇ ಬಂತು. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75% ದಾಟಿದರೆ ನೀರು ಎಳೆದುಕೊಂಡು ಕರಗುತ್ತೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತೆ, ಅದಕ್ಕೆ 33% ಆಸುಪಾಸು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆಯ ಗಾಳಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಸಂದುಗಳಲ್ಲಿ ಉಳಿದ ಉಪ್ಪು ನಾಲ್ಕು ತಿಂಗಳು ಒಣಗೋದೇ ಇಲ್ಲ, ಕೂತಲ್ಲೇ ಲೋಹ ತಿನ್ನುತ್ತಾ ಇರುತ್ತೆ. ಅದಕ್ಕೆ ತೊಳೆಯೋದು ಎರಡು ಸಲ: ನೀರಿನಿಂದ ಎತ್ತಿದ ದಿನವೇ ಕೆಳಗೆ ಒಮ್ಮೆ, ಮನೆಗೆ ಬಂದ ಮೇಲೆ ನಿಧಾನವಾಗಿ ಇನ್ನೊಮ್ಮೆ.

ಮೊದಲು ಉಜ್ಜಬೇಡಿ. ಪೈಪಿನಲ್ಲಿ ಮೇಲಿಂದ ಕೆಳಗೆ ನೀರು ಹರಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಮತ್ತೆ ಹರಿಸಿ. ಒಣ ಹರಳಿನ ಮೇಲೆ ಬಟ್ಟೆ ಆಡಿಸಿದರೆ ಮರಳು ಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತೆ. ಆಮೇಲೆ ಕಾರ್ ಶಾಂಪೂ ಹಾಕಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ, ಇರೋ ವ್ಯಾಕ್ಸ್ ಎಲ್ಲ ಎತ್ತಿಬಿಡುತ್ತೆ. ಬಿಸಿಲಿನಲ್ಲಿ ಕಾದ ಡೆಕ್ ತೊಳೆದರೆ ಸೋಪು ಅಲ್ಲೇ ಒಣಗಿ ಕಲೆ ನಿಲ್ಲುತ್ತೆ, ಬೆಳಿಗ್ಗೆಯೋ ಸಂಜೆಯೋ ಮಾಡಿ. ಗಟ್ಟಿಯಾಗಿ ಕೂತ ಬಿಳಿ ಪೊರೆಗೆ ವಿನೆಗರ್ ಮತ್ತು ನೀರು ಸಮ ಸಮ, ಐದು ನಿಮಿಷ, ಮತ್ತೆ ಸಿಹಿನೀರು. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಬಳಸೋದಾದರೆ ಎರಡು ಅಡಿ ದೂರ ಇರಲಿ. ಕಿಟಕಿ ರಬ್ಬರ್, ಸೀಲಂಟ್ ಕಡೆ ತಿರುಗಿಸಲೇಬೇಡಿ.

ಕೀಲ್ ಮೇಲೆದ್ದು ಕೂರೋ ಪೆಟ್ಟಿಗೆಯನ್ನ ಎಲ್ಲರೂ ಮರೀತಾರೆ. ಕೆಳಗಿನಿಂದ ಪೈಪ್ ತೂರಿಸಿ, ಬರೋ ನೀರಿನ ರುಚಿ ನೋಡಿ. ಉಪ್ಪು ಹತ್ತದಿದ್ದರೆ ಸಾಕು.

ಹಾಸನದಿಂದ, ಫೈಬರ್ ಕೆಲಸ

ಕೈಗೆ ಹತ್ತೋ ಪುಡಿ ಜೆಲ್‌ಕೋಟ್‌ನದು, ಅಂದರೆ ಫೈಬರ್ ಮೇಲಿನ ಹೊಳಪಿನ ಹೊರ ಲೇಪದ್ದು. ಬಿಸಿಲಿಗೆ ಮೇಲಿನ ಪದರ ಸತ್ತಿದೆ. ಅದರ ಮೇಲೆ ನೇರವಾಗಿ ವ್ಯಾಕ್ಸ್ ಹಚ್ಚಿದರೆ ಒಂದು ವಾರ ಹೊಳೆದು ಮತ್ತೆ ಅದೇ ಕಥೆ. ಸತ್ತ ಪದರ ತೆಗೀಲೇಬೇಕು. ಆದರೆ ಜೆಲ್‌ಕೋಟ್ ಇರೋದೇ ಸುಮಾರು ಅರ್ಧ ಮಿಲಿಮೀಟರ್, ಪ್ರತಿ ಸಲ ಸವೆದರೆ ಕೊನೆಗೆ ಫೈಬರ್ ನೂಲು ಕಾಣುತ್ತೆ. ಹಾಗಾಗಿ ಕಡಿಮೆ ಕೆರೆಯೋದರಿಂದ ಶುರು ಮಾಡಿ.

ಮೂಲೆಯಲ್ಲಿ ಒಂದು ಚದರ ಅಡಿ ಜಾಗ ಹಿಡಿದು ಬರೀ ಪಾಲಿಷ್ ಹಾಕಿ ನೋಡಿ. ಹೊಳಪು ಬಂದರೆ ಅಷ್ಟೇ ಸಾಕು. ಬರದಿದ್ದರೆ ರಬ್ಬಿಂಗ್ ಕಾಂಪೌಂಡ್. ಅದಕ್ಕೂ ಬಗ್ಗದಿದ್ದರೆ ಮಾತ್ರ ನೀರು ಹಾಕಿ 1000, 1500, 2000 ನಂಬರ್ ಮರಳು ಕಾಗದ, ಆಮೇಲೆ ಕಾಂಪೌಂಡ್, ಪಾಲಿಷ್, ಕೊನೆಗೆ ವ್ಯಾಕ್ಸ್. ಒಂದು ಸಲಕ್ಕೆ ಎರಡಡಿ ಎರಡಡಿ ಜಾಗ ಮಾತ್ರ. ಬಫಿಂಗ್ ಮಷೀನ್ 1,500 ಸುತ್ತಿನ ಆಸುಪಾಸು ಇರಲಿ. ಆಂಗಲ್ ಗ್ರೈಂಡರ್‌ಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಮಾಡೋರು ಇದ್ದಾರೆ. ಅದು 10,000 ದಾಟುತ್ತೆ, ಒಂದೇ ಕ್ಷಣಕ್ಕೆ ಜೆಲ್‌ಕೋಟ್ ಸುಟ್ಟು ಹಳದಿ ಆಗುತ್ತೆ. ಅಂಚು, ತಿರುವುಗಳಲ್ಲಿ ಪದರ ಇನ್ನೂ ತೆಳು, ಅಲ್ಲಿ ಕೈಯಲ್ಲೇ ಉಜ್ಜಿ.

ಯುವಿ ತಡೆ ಇರೋ ವ್ಯಾಕ್ಸ್ ತಂಪು ದೇಶದಲ್ಲಿ ವರ್ಷಕ್ಕೊಮ್ಮೆ ಸಾಕಾದೀತು. ಮಲ್ಪೆ ಬಿಸಿಲಿಗೆ ಮೂರು ತಿಂಗಳಿಗೊಮ್ಮೆ ಬೇಕು, ಡೆಕ್‌ಗೆ ಮೊದಲು, ಪಕ್ಕಗಳಿಗೆ ಆಮೇಲೆ. ಕಾಲಿಡೋ ಜಾಗಕ್ಕೆ ಮಾತ್ರ ಬೇಡ, ಜಾರಿ ಬೀಳ್ತೀರಿ. ಕಿಟಕಿ ಅಕ್ರಿಲಿಕ್ ಆಗಿದ್ದರೆ ಅಮೋನಿಯಾ ಇರೋ ಗಾಜಿನ ಕ್ಲೀನರ್ ತಾಕಿಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತೆ.

ಸಕಲೇಶಪುರದಿಂದ, ಫ್ಯಾಬ್ರಿಕೇಷನ್

ರೇಲಿಂಗ್ ಕಲೆ ಬಗ್ಗೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗೋದು 304 ಸ್ಟೇನ್‌ಲೆಸ್. ಸಮುದ್ರಕ್ಕೆ ಬೇಕಾದ್ದು 316, ಅದರಲ್ಲಿ 2ರಿಂದ 3% ಮಾಲಿಬ್ಡಿನಂ ಇದೆ. ಎರಡಕ್ಕೂ ಆಯಸ್ಕಾಂತ ಸರಿಯಾಗಿ ಹಿಡಿಯಲ್ಲ, ಆ ಪರೀಕ್ಷೆ ನಂಬಬೇಡಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿ. ಕಲೆಗೆ ಆಕ್ಸಾಲಿಕ್ ಆಸಿಡ್ ಪುಡಿ, ಲೀಟರ್ ಬೆಚ್ಚಗಿನ ನೀರಿಗೆ 30 ಗ್ರಾಂ. ಗ್ಲೌಸ್ ಹಾಕಿ ಹಚ್ಚಿ, ಹದಿನೈದು ನಿಮಿಷ ಒಣಗದ ಹಾಗೆ ನೋಡಿಕೊಂಡು ಚೆನ್ನಾಗಿ ತೊಳೆಯಿರಿ. ಜೆಲ್‌ಕೋಟ್ ಮೇಲಿನ ತುಕ್ಕಿನ ಗೆರೆಗೂ, ಶೆಡ್ಡಿನಲ್ಲಿ ಎಲೆ ಕೊಳೆತು ಆಗೋ ಕಂದು ಕಲೆಗೂ ಇದೇ ಮದ್ದು. ಗ್ಯಾಲ್ವನೈಸ್ಡ್ ಟ್ರೇಲರ್ ಮೇಲೆ ಮಾತ್ರ ಬೀಳಬಾರದು, ಸತು ಕರಗುತ್ತೆ. ಸ್ಟೀಲ್ ಉಲ್ಲನ್, ಬ್ಲೀಚಿಂಗ್ ಎರಡೂ ಬೇಡ. ಒಂದು ತನ್ನ ಕಬ್ಬಿಣದ ಚೂರು ಬಿಟ್ಟು ಹೋಗುತ್ತೆ, ಇನ್ನೊಂದು ಕ್ಲೋರೈಡ್ ಬಿಡುತ್ತೆ.

ಬುಡದಲ್ಲೇ ಕಲೆ ಬರ್ತಿದೆ ಅಂದರೆ ಕೆಳಗಿನ ಸೀಲಂಟ್ ಬಿಟ್ಟಿದೆ. ಗಾಳಿ ಆಡದ ಒದ್ದೆ ಸಂದಿನಲ್ಲಿ ಸ್ಟೇನ್‌ಲೆಸ್ ಕೂಡ ಒಳಗಿಂದ ತಿನ್ನಿಸಿಕೊಳ್ಳುತ್ತೆ. ಬೋಲ್ಟ್ ಬಿಚ್ಚಿ, ಒಣಗಿಸಿ, ಹೊಸ ಸೀಲಂಟ್ ಹಾಕಿ ಕೂರಿಸಿ. ಕಂಬದ ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ಹಾಕುವ ಕಡೆಯೆಲ್ಲ ಲೆನೋಲಿನ್ ಗ್ರೀಸ್ ಬಳಿಯಿರಿ. ಇಲ್ಲದಿದ್ದರೆ ಬಿಳಿ ಪುಡಿ ಕಟ್ಟಿ, ಬಿಚ್ಚುವಾಗ ಸ್ಕ್ರೂ ತಲೆಯೇ ಮುರಿಯುತ್ತೆ.

ಕೇಳಿದವರು

ಶೆಡ್ಡಿನಲ್ಲಿ ಗೊಬ್ಬರದ ಮೂಟೆ, ಮೈಲುತುತ್ತ ಎಲ್ಲ ಇರುತ್ತೆ. ತೊಂದರೆ ಇದೆಯಾ? ಯಾಟ್ ಮೇಲೆ ಸಿಲ್ಪಾಲಿನ್ ಬಿಗಿಯಾಗಿ ಕಟ್ಟಿದ್ದೀವಿ.

ಆಲ್ದೂರಿನಿಂದ, ಕಾಫಿ ತೋಟ

ಇದೆ ಮಾರಾಯ್ರೇ, ಎರಡಕ್ಕೂ! ಪೊಟ್ಯಾಷ್ ಅಂತ ಹಾಕೋದು ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪನ್ನ ತೊಳೆದು ಬಂದು ಪಕ್ಕದಲ್ಲೇ ಇನ್ನೊಂದು ಉಪ್ಪಿನ ಮೂಟೆ ಇಟ್ಟ ಹಾಗಾಯ್ತು. ಮೈಲುತುತ್ತ (ತಾಮ್ರದ ಸಲ್ಫೇಟ್) ಅದಕ್ಕಿಂತ ಮೋಸ. ತಾಮ್ರದ ದ್ರಾವಣ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರ ಅಲ್ಲಲ್ಲಿ ಕೂತು, ಅದರ ಸುತ್ತ ಗುಂಡಿ ಗುಂಡಿ ತಿನ್ನುತ್ತೆ. ಕಂಬ, ಎಂಜಿನ್ ಕಾಲು ಎರಡೂ ಅಲ್ಯೂಮಿನಿಯಮ್ಮೇ. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋ ದಿನ ಶೆಡ್ ಬಾಗಿಲು ಮುಚ್ಚಿರಿ, ಬೋರ್ಡೋ ಕಲಸಿದ ಡ್ರಮ್ಮಿನಲ್ಲಿ ಎಂಜಿನ್ ಓಡಿಸಬೇಡಿ.

ಬಿಗಿಯಾಗಿ ಕಟ್ಟಿದ ಸಿಲ್ಪಾಲಿನ್ ಒಳಗೆ ಹಬೆ ಕಟ್ಟುತ್ತೆ, ನಿಮ್ಮ ಬೂಷ್ಟಿಗೆ ಅದೇ ಮೂಲ. ನಡುವೆ ಗಳು ಕೊಟ್ಟು ಡೇರೆ ತರ ಇಳಿಜಾರು ಮಾಡಿ, ಮೈಗೆ ತಾಗದ ಹಾಗೆ ಒಂದಡಿ ಬಿಟ್ಟು, ಎರಡೂ ತುದಿ ತೆರೆದಿಡಿ. ಮೂತಿ ಎತ್ತರಿಸಿ, ಹಿಂದಿನ ಡ್ರೈನ್ ಪ್ಲಗ್ ತೆಗೆದಿಡಿ. ಹಾಸಿಗೆ ದಿಂಬು ಮನೆಯೊಳಗೆ, ಕಪಾಟಿನ ಬಾಗಿಲೆಲ್ಲ ತೆರೆದು. ತೇವ ಹೀರಲು ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ ಇಡೋದಾದರೆ ತಟ್ಟೆಯಲ್ಲಿ ಇಡಿ. ಅದರಲ್ಲಿ ತುಂಬೋ ನೀರು ಗಟ್ಟಿ ಉಪ್ಪುನೀರೇ, ಚೆಲ್ಲಿದರೆ ಕೆಟ್ಟಿತು.

ಹಾಸನದಿಂದ, ಔಟ್‌ಬೋರ್ಡ್ ರಿಪೇರಿ

ಎಂಜಿನ್ ಫ್ಲಶ್‌ಗೆ (ಸಿಹಿನೀರು ಹರಿಸಿ ಒಳಗೆ ತೊಳೆಯೋಕೆ) 200 ಲೀಟರ್ ಡ್ರಮ್, ಶುದ್ಧವಾದದ್ದು. ಅರಸೀಕೆರೆ ಕಡೆಯ ಗಡಸು ಬೋರ್ ನೀರಿಗಿಂತ ನಿಮ್ಮಲ್ಲಿ ಹಿಡಿದ ಮಳೆ ನೀರು ವಾಸಿ. ಪ್ರೊಪೆಲ್ಲರ್ ಬಿಚ್ಚಿ, ನೀರು ಹೀರೋ ಜಾಲರಿ ಪೂರ್ತಿ ಮುಳುಗಿರಬೇಕು, ನ್ಯೂಟ್ರಲ್, ಐಡಲ್, 15 ನಿಮಿಷ. ಎರಡು ನಿಮಿಷಕ್ಕೇ ನಿಲ್ಲಿಸಿದರೆ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ತೆರೆಯೋ ಕವಾಟ) ತೆರೆದೇ ಇರಲ್ಲ, ಎಂಜಿನ್ ತಲೆಯ ಸುತ್ತಿನ ಉಪ್ಪು ಅಲ್ಲೇ ಉಳಿಯುತ್ತೆ. ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿರಬೇಕು, ನಿಂತರೆ ತಕ್ಷಣ ಆಫ್. ನೀರಿಲ್ಲದೆ "ಸ್ಟಾರ್ಟ್ ಆಗುತ್ತಾ ನೋಡೋಣ" ಅಂದರೆ ನೀರೆತ್ತೋ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟು ಹೋಗುತ್ತೆ. ಅದನ್ನ ಹೇಗೂ ವರ್ಷಕ್ಕೊಮ್ಮೆ ಬದಲಾಯಿಸಿ.

ಫ್ಲಶ್ ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲೋ ತನಕ ಓಡಿಸಿ, ಕಾರ್ಬುರೇಟರ್ ಡ್ರೈನ್ ಸ್ಕ್ರೂ ತೆಗೆದು ಉಳಿದದ್ದು ಇಳಿಸಿ. ಈಗಿನ ಇ20 (20% ಎಥನಾಲ್ ಬೆರೆತ) ಪೆಟ್ರೋಲ್‌ನಲ್ಲಿರೋ ಎಥನಾಲ್ ಗಾಳಿಯ ತೇವ ಹೀರುತ್ತೆ, ಹೆಚ್ಚಾದರೆ ನೀರಿನ ಜೊತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ. ಪೈಪ್ ಎಳೆಯೋದು ತಳದಿಂದಲೇ! ಟ್ಯಾಂಕ್‌ನಲ್ಲಿ ಉಳಿದದ್ದು ಮೇ ತಿಂಗಳಲ್ಲೇ ಬೈಕಿಗೆ ಹಾಕಿ ಮುಗಿಸಿ. ಸ್ಪಾರ್ಕ್ ಪ್ಲಗ್ ತೂತಿಗೆ ಫಾಗಿಂಗ್ ಆಯಿಲ್ (ತುಕ್ಕು ತಡೆಯೋ ಎಣ್ಣೆ) ಹೊಡೆದು ಸ್ಟಾರ್ಟರ್ ಹಗ್ಗ ನಾಲ್ಕು ಸಲ ಎಳೆಯಿರಿ.

ಗೇರ್ ಆಯಿಲ್ ಬಿಚ್ಚಿ ನೋಡಿ. ಹಾಲು ಬೆರೆತಂತೆ ಇದ್ದರೆ ಸೀಲ್ ಹೋಗಿದೆ. ಹೊಸದನ್ನ ಕೆಳಗಿನ ತೂತಿನಿಂದ ತುಂಬಿ, ಮೇಲಿನಿಂದ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು, ವಾಷರ್ ಹೊಸದು. ಎಂಜಿನ್ ನೆಟ್ಟಗೆ ನಿಲ್ಲಿಸಿಡಿ.

ಆನೋಡ್ (ಎಂಜಿನ್ ಲೋಹದ ಬದಲು ತಾನು ಸವೆಯೋ ಲೋಹದ ತುಂಡು) ಅರ್ಧ ಸವೆದಿದ್ದರೆ ಬದಲಿಸಿ. ಬರೀ ಸಮುದ್ರಕ್ಕೆ ಸತು ಸಾಕು. ಮಲ್ಪೆಯಂತೆ ನದಿ ಸೇರುವ ಕಡೆ ಅಲ್ಯೂಮಿನಿಯಂ ಆನೋಡ್ ಒಳ್ಳೇದು. ಗೊರೂರು ಹಿನ್ನೀರಿನಂಥ ಸಿಹಿನೀರಿಗೆ ಮೆಗ್ನೀಸಿಯಂ, ಅದನ್ನೇ ಸಮುದ್ರಕ್ಕೆ ಒಯ್ದರೆ ಬೇಗ ಕರಗಿ ಮುಗಿಯುತ್ತೆ. ಯಾವುದಕ್ಕೂ ಬಣ್ಣ ಹೊಡೀಬೇಡಿ.

ಬೇಲೂರಿನಿಂದ

ಹಾಯಿ, ಹಗ್ಗ: ಸಿಹಿನೀರಿನಲ್ಲಿ ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗದೆ ಮಡಚಬೇಡಿ. ನೈಲಾನ್‌ಗೆ ಬ್ಲೀಚ್ ಬೇಡ. ಒಣಗಿಸೋಕೆ ಬಿಸಿಲು ಬೇಕಲ್ಲ, ಆದ್ದರಿಂದ ಮೇ ಮೂರನೇ ವಾರ ದಾಟಿಸಬೇಡಿ. ಬ್ಯಾಟರಿ ಬಿಚ್ಚಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಮೂಡಿಗೆರೆಯಿಂದ

ಟ್ರೇಲರ್ ಬಗ್ಗೆ ಯಾರೂ ಹೇಳಲಿಲ್ಲ. ಘಟ್ಟ ಇಳಿದು ಮಲ್ಪೆ ತಲುಪುವಾಗ ಚಕ್ರದ ಹಬ್ (ಬೇರಿಂಗ್ ಇರೋ ನಡುಭಾಗ) ಬಿಸಿ ಇರುತ್ತೆ. ಹಾಗೇ ಹಿಂದಕ್ಕೆ ಬಿಟ್ಟು ನೀರಿಗೆ ಇಳಿಸಿದರೆ ಒಳಗಿನ ಗಾಳಿ ಸಟ್ಟನೆ ಕುಗ್ಗಿ, ಸೀಲ್ ದಾಟಿ ಉಪ್ಪುನೀರನ್ನ ಬೇರಿಂಗ್ ಒಳಗೆ ಎಳೆದುಕೊಳ್ಳುತ್ತೆ. ಬೇರಿಂಗ್ ಹೋಗೋದು ವಾಪಸ್ ಬರುವಾಗ, ಅದೂ ಚಾರ್ಮಾಡಿ ತಿರುವಿನಲ್ಲಿ. ಅಂಗೈ ಇಟ್ಟು ತಡೆಯುವಷ್ಟು ಆರೋ ತನಕ, ಅರ್ಧ ಗಂಟೆಯಾದರೂ, ಕಾಯಿರಿ. ಮರೈನ್ ಗ್ರೀಸ್ ಸೀಸನ್‌ಗೊಮ್ಮೆ ಪೂರ್ತಿ ತೆಗೆದು ಹೊಸದು ತುಂಬಿ. ಚೌಕ ಪೈಪಿನ ಚಾಸಿ ಆಗಿದ್ದರೆ ತುಕ್ಕು ಒಳಗಿಂದ ಬರುತ್ತೆ, ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತೆ. ಎರಡೂ ತುದಿ ತೆರೆದಿದೆಯಾ ನೋಡಿ, ಪೈಪ್ ಇಟ್ಟು ಒಳಗೆ ನೀರು ಬಿಡಿ. ಕೆಂಪು ಚೂರು ಉದುರಿದರೆ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಮಂಕು ಸದ್ದು ಬಂದ ಜಾಗ ಕತ್ತರಿಸಿ ಹೊಸದು ಬೆಸೆಸಿ.