‘ಪಾಟಾ’ ಅಂದರೆ ಒಂದು ಪಟ್ಟಿಯೋ, ಇಡೀ ಸೆಟ್ಟೋ?

ಗೆಳೆಯರೇ,

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಗಾಡಿಯ ಭಾರ ಹೊರುವ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತದಲ್ಲ, ಅದರ ಮಾತು ಇದು. ನನ್ನ ತಮ್ಮನ ಹತ್ತಿರ ಒಂದು ಹಳೆಯ ಟಾಟಾ ಏಸ್ ಇದೆ. ಹಂಗಾಮಿನಲ್ಲಿ ಗದಗ ಕಡೆಯಿಂದ ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತರುತ್ತಾನೆ. ಗಾಡಿ ಹಿಂದೆ ತುಂಬ ಕೂರುತ್ತಿತ್ತು. ಎರಡೂ ಕಡೆ ಒಂದೊಂದು ಪಟ್ಟಿ ಜಾಸ್ತಿ ಹಾಕಿಸೋಣ ಅಂತ ಗ್ಯಾರೇಜಿಗೆ ಫೋನ್ ಮಾಡಿ, ‘ಹಿಂದಿನ ಪಾಟಾ ಹಾಕಿ ಬಿಡ್ರಿ’ ಅಂದ. ಸಂಜೆ ಹೋಗಿ ನೋಡಿದರೆ ಇಡೀ ಸೆಟ್ಟನ್ನೇ ಬದಲಿಸಿದ್ದರು. ಅವರದು ತಪ್ಪು ಅಂತ ನನಗನಿಸಲಿಲ್ಲ. ‘ಪಾಟಾ’ ಅಂದರೆ ಎರಡೂ ಹೌದು, ಅಲ್ವಾ?

ಆವತ್ತಿನಿಂದ ಈ ಪದ ತಲೆಯಲ್ಲಿ ಕೂತಿದೆ. ತಮ್ಮನ ಜೊತೆಯ ಚಾಲಕರಿಗಾಗಿ ಒಂದು ಪುಟದ ಬರಹ ಮಾಡುತ್ತಿದ್ದೇನೆ. ಪಾಟಾ ಯಾವಾಗ ಏರಿಸಬೇಕು, ಏರಿಸಿದರೆ ಏನಾಗುತ್ತದೆ, ಇಷ್ಟೇ ವಿಷಯ. ಬರೆಯಲು ಕೂತಾಗ ಸರಿಯಾದ ಪದಗಳಿಗೆ ತಡಕಾಡಬೇಕಾಯಿತು.

ಮೊದಲು ‘ಸಸ್ಪೆನ್ಷನ್’, ಅಂದರೆ ಗಾಡಿಯ ಮೈಗೂ ಚಕ್ರಗಳಿಗೂ ನಡುವೆ ಕುಲುಕಾಟ ತಡೆಯುವ ಜೋಡಣೆ. ಬಿಡಿಭಾಗದ ಜೊತೆ ಬಂದ ಒಂದು ಕನ್ನಡ ಚೀಟಿಯಲ್ಲಿ ‘ಹಿಂಭಾಗದ ಅಮಾನತು’ ಅಂತ ಅಚ್ಚಾಗಿತ್ತು. ಕೆಲಸದಿಂದ ಅಮಾನತು ಮಾಡುತ್ತಾರಲ್ಲ, ಅದೇ ಪದ. ಅರಬ್ಬಿಯಿಂದ ಬಂದ ಈ ಪದಕ್ಕೆ ನಂಬಿ ಒಪ್ಪಿಸಿದ್ದು, ಠೇವಣಿ ಎಂಬ ಅರ್ಥವಿತ್ತು. ನಮ್ಮಲ್ಲಿ ತಡೆಹಿಡಿಯುವುದು ಎಂದಾಯಿತು. ಗಾಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದನ್ನು ಓದಿದ ಚಾಲಕನಿಗೆ ತನ್ನ ಗಾಡಿಯ ಮಾತೇ ಅರ್ಥವಾಗಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ ತಂದಿತು. ‘ತೂಗು ವ್ಯವಸ್ಥೆ’ ಅನ್ನೋಣವೇ ಅಂತ ಯೋಚಿಸಿದೆ. ಹಿಂದೆ ಕುದುರೆ ಸಾರೋಟುಗಳ ಮೈಯನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ಇಂಗ್ಲಿಷ್ ಹೆಸರಿನಲ್ಲಿ ಆ ತೂಗಾಟ ಉಳಿದಿದೆ. ಆದರೆ ನಮ್ಮ ಚಾಲಕ ನೋಡುವ ಗಾಡಿ ಪಾಟಾದ ಮೇಲೆ ಕೂತಿರುತ್ತದೆ. ‘ತೂಗು’ ಅಂದರೆ ಅವನಿಗೆ ತೊಟ್ಟಿಲು ನೆನಪಾದೀತು.

ಗಬ್ಬೂರ ಕ್ರಾಸ್ ಹತ್ತಿರ ಪಾಟಾ ಕೆಲಸ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿಗೆ ಕೇಳಿದೆ. ‘ಸಸ್ಪೆನ್ಷನ್ ಅಂತ ಯಾರ್ ಕೇಳ್ತಾರ್ರಿ? ಪಾಟಾ ಕುಂತೈತಿ ಅಂತಾರ, ಶಾಕಪ್ ಹೋಗೇತಿ ಅಂತಾರ. ಅಷ್ಟ ನಮ್ಮ ಮಾತು’ ಅಂದರು. ನನಗೂ ಅದೇ ಸರಿ ಅನಿಸಿತು. ಪಟ್ಟಿ ಇರುವಲ್ಲಿ ‘ಹಿಂದಿನ ಪಾಟಾ’ ಅಂತಲೇ ಬರೆಯುತ್ತೇನೆ. ಸುರುಳಿ ಸ್ಪ್ರಿಂಗೂ ಸೇರಿಸಿ ಹೇಳಬೇಕಾದಾಗ ಮಾತ್ರ ‘ಸಸ್ಪೆನ್ಷನ್’.

‘ಪಾಟಾ’ ನಮಗೆ ಮರಾಠಿಯ ಕಡೆಯಿಂದ ಬಂದಿರಬೇಕು. ಅಲ್ಲೂ ಲಾರಿಯ ಪಟ್ಟಿಗೆ ‘ಪಾಟಾ’ ಅಂತಾರೆ. ಅರೆಯುವ ಚಪ್ಪಟೆ ಕಲ್ಲಿಗೂ ಅದೇ ಹೆಸರು. ಇದರ ಜೊತೆ ಬಳಸುವ ಕ್ರಿಯಾಪದಗಳು ಮಾತ್ರ ಪೂರ್ತಿ ನಮ್ಮವು. ಪಾಟಾ ಕೂರುತ್ತದೆ, ಮುರಿಯುತ್ತದೆ. ಪಾಟಾ ಎಬ್ಬಿಸುತ್ತಾರೆ, ಏರಿಸುತ್ತಾರೆ. ಈ ಎರಡು ಕೆಲಸ ಬೇರೆ ಬೇರೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಎಬ್ಬಿಸುವುದು ಅಂದರೆ ಸಪಾಟಾದ ಹಳೆಯ ಪಟ್ಟಿಯನ್ನು ಬಿಚ್ಚಿ, ಬಡಿದು, ಮತ್ತೆ ಬಾಗಿಸುವುದು. ಆ ಬಾಗಿಗೆ ಮಿಸ್ತ್ರಿ ‘ಕಮಾನು’ ಅಂತಾರೆ. ಪಾರ್ಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಎಷ್ಟು ಸರಿಯಾದ ಪದ ನೋಡಿ. ಬೆಂಕಿಗೆ ಹಿಡಿದು ಬಾಗಿಸಿದರೆ ಉಕ್ಕಿನ ಹದ ಕೆಡುತ್ತದೆ, ಮತ್ತೆ ಹದ ಕೊಡದಿದ್ದರೆ ಪಟ್ಟಿ ಬೇಗ ಕೂರುತ್ತದೆ. ಏರಿಸುವುದು ಅಂದರೆ ಇದ್ದ ಸೆಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು.

‘ಕೂರು’ ಕೂಡ ಎರಡು ಅರ್ಥದ ಮಾತು. ಹೇರಿದಾಗ ಕೂತು, ಇಳಿಸಿದಾಗ ಏಳುವುದು ಪಾಟಾದ ಗುಣ. ಖಾಲಿ ಮಾಡಿದರೂ ಏಳದಿದ್ದರೆ ಅದು ದೋಷ. ಮಿಸ್ತ್ರಿ ಮೊದಲನೆಯದಕ್ಕೆ ‘ಕುಂದರತೈತಿ’ ಅಂತಾರೆ, ಎರಡನೆಯದಕ್ಕೆ ‘ಕುಂತಬಿಟ್ಟೈತಿ’. ಆ ಒಂದು ‘ಬಿಡು’ ಎಷ್ಟು ಕೆಲಸ ಮಾಡುತ್ತದೆ! ನನ್ನ ಪುಟದಲ್ಲಿ ‘ಕೂರುತ್ತದೆ’, ‘ಕೂತುಬಿಟ್ಟಿದೆ’ ಅಂತ ಹಾಗೇ ಇಡುತ್ತೇನೆ.

ಇನ್ನು ಶುರುವಿನ ಪ್ರಶ್ನೆ. ಇಡೀ ಜೋಡಣೆಗೆ ಒಂದು ಹೆಸರು, ಒಂದೊಂದು ಪಟ್ಟಿಗೆ ಇನ್ನೊಂದು ಹೆಸರು ಬೇಕು. ಇಡೀ ಜೋಡಣೆಗೆ ‘ಪಾಟಾ ಕಟ್ಟು’ ಅಂತ ಬರೆದು ತಮ್ಮನಿಗೆ ತೋರಿಸಿದೆ. ‘ಅಣ್ಣಾ, ಪಾಟಾ ಕಟ್ ಆಗೇತಿ ಅಂತ ಓದ್ತಾರ’ ಅಂದ. ಪತ್ರಿಕೆಯಲ್ಲೂ ‘ಪಾಟಾ ಕಟ್ಟಾಗಿ ಲಾರಿ ಪಲ್ಟಿ’ ಅಂತಲೇ ಬರುತ್ತದೆ. ಅದನ್ನು ಕೈಬಿಟ್ಟೆ. ‘ಪಾಟಾ ಸೆಟ್ಟು’ ಉಳಿಯಿತು. ಬಿಡಿ ಪಟ್ಟಿಗೆ ‘ಎಲೆ’ ಅನ್ನುವುದು ಸುಮ್ನೆ ಇಂಗ್ಲಿಷಿನ ನೆರಳು. ‘ಎಸಳು’ ಚೆನ್ನಾಗಿದೆ, ಬೆಳ್ಳುಳ್ಳಿಯ ಹಾಗೆ ಒತ್ತಾಗಿ ಕೂತಿರುತ್ತವೆ. ಆದರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಮೈಸೂರು ಕಡೆ ‘ಬ್ಲೇಡ್’ ಅನ್ನುವುದನ್ನು ಕೇಳಿದ್ದೇನೆ. ನನ್ನ ಮನಸ್ಸು ‘ಪಟ್ಟಿ’ ಕಡೆ ಇದೆ.

ಸೆಟ್ಟಿನ ಮೇಲೆ ಬೇರೆಯಾಗಿ ನಿಲ್ಲುವ, ಗಾಡಿ ಒಂದು ಮಟ್ಟಕ್ಕೆ ಕೂತ ಮೇಲಷ್ಟೇ ತಾಗಿ ಕೆಲಸ ಮಾಡುವ ಪಟ್ಟಿಗೆ ‘ಹೆಲ್ಪರ್’ ಅಂತಾರೆ. ಖಾಲಿ ಗಾಡಿ ಇದರಿಂದ ಬಿರುಸಾಗುವುದಿಲ್ಲ. ಅದಕ್ಕೆ ‘ಒತ್ತಾಸೆ ಪಟ್ಟಿ’ ಅನ್ನಬಹುದೇ? ಬೇಕಾದಾಗ ಬೆನ್ನಿಗೆ ನಿಲ್ಲುವುದು ಒತ್ತಾಸೆ ತಾನೇ. ಇದು ನನಗೆ ಬಹಳ ಇಷ್ಟವಾಗಿದೆ.

ತಲೆಬರಹದ ತೊಡಕು ಎಲ್ಲಕ್ಕಿಂತ ದೊಡ್ಡದು. ‘ಭಾರ ಹೊರುವ ಸಾಮರ್ಥ್ಯ ಹೆಚ್ಚಿಸುವುದು’ ಅಂತ ಬರೆದಿದ್ದೆ. ಅದು ತಪ್ಪು ಹಾದಿ ತೋರಿಸುತ್ತದೆ. 2005ರಲ್ಲಿ ಬಂದ ಮೊದಲ ಏಸ್ 750 ಕಿಲೋ ಹೊರಲು ಮಾಡಿದ ಗಾಡಿ. 50 ಕಿಲೋ ಚೀಲವಾದರೆ 15. ಪಟ್ಟಿ ಏರಿಸಿದರೆ ಆ ಲೆಕ್ಕ ಬದಲಾಗುವುದಿಲ್ಲ. ಅಚ್ಚು, ಬ್ರೇಕು, ಟೈರು ಮೊದಲಿನವೇ. ಆರ್‌ಸಿಯಲ್ಲಿ ಬರೆದ ತೂಕವೂ ಮೊದಲಿನದೇ. 2019ರ ತಿದ್ದುಪಡಿಯಂತೆ ಹೆಚ್ಚು ಹೇರಿದರೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ 2,000. ಪಟ್ಟಿ ಎಷ್ಟು ದಪ್ಪ ಅನ್ನುವುದೂ ಮುಖ್ಯ. ದಪ್ಪ ಎರಡು ಪಟ್ಟಾದರೆ ಬಿರುಸು ಎಂಟು ಪಟ್ಟಾಗುತ್ತದೆ. ತಮ್ಮನ ಗಾಡಿ ಈಗ ಖಾಲಿ ಇದ್ದಾಗ ಹಂಪಿನಲ್ಲಿ ಕುಣಿಯುತ್ತದೆ. ಹಾಗಾಗಿ ‘ಸಾಮರ್ಥ್ಯ’ ತೆಗೆದು ‘ಹಿಂದಿನ ಪಾಟಾ ಗಟ್ಟಿ ಮಾಡಿಸುವ ಮುಂಚೆ’ ಅಂತ ಇಟ್ಟಿದ್ದೇನೆ.

‘ಓವರ್‌ಲೋಡ್’ಗೂ ಪದ ಹುಡುಕಿದೆ. ‘ಹೇರು’ ನಮ್ಮ ಚಕ್ಕಡಿಯ ಮಾತು. ಆದರೆ ‘ಹೆಚ್ಚಿನ ಹೇರಿಕೆ’ ಅಂದರೆ ಈಗ ಒತ್ತಾಯದ ಅರ್ಥವೇ ಮುಂದೆ ಬರುತ್ತದೆ. ಧಾರವಾಡ ಕಡೆ ‘ವಜ್ಜಾ’ ಅಂತೇವೆ. ‘ವಜ್ಜಾ ಜಾಸ್ತಿ ಆತು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಬರಹದಲ್ಲಿ ಇದು ನಡೆದೀತೇ?

ಹಾವೇರಿ, ಬ್ಯಾಡಗಿ ಕಡೆ ಮೆಣಸಿನಕಾಯಿ ಗಾಡಿ ಓಡಿಸುವವರ ಬಾಯಲ್ಲಿ ಬಿಡಿ ಪಟ್ಟಿಗೆ ಬೇರೆ ಹೆಸರು ಕೇಳಿದ್ದೀರಾ? ತುದಿಗಳಲ್ಲಿ ಕಣ್ಣಿರುವ, ಎಲ್ಲಕ್ಕಿಂತ ಉದ್ದದ ಮುಖ್ಯ ಪಟ್ಟಿಗೆ ಏನನ್ನುತ್ತಾರೆ? ನಮ್ಮ ಮಿಸ್ತ್ರಿ ಅದಕ್ಕೆ ‘ಮೇನ್’ ಅಂತ ಮಾತ್ರ ಅಂದರು.