ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಹೊಡೆದರೆ ಮೆಣಸಿನ ಬೂದಿ ರೋಗ ಹೋಗುತ್ತಾ?

ಪ್ರಶ್ನೆ (ರೈತರು, ಬ್ಯಾಡಗಿ ಕಡೆ): ನಮಸ್ಕಾರ್ರೀ ಮೇಡಂ. ನಮ್ಮದು ಎರಡು ಎಕರೆ ಬ್ಯಾಡಗಿ ಮೆಣಸಿನಕಾಯಿ. ಚಳಿ ಶುರುವಾದ ಮೇಲೆ ಎಲೆಯ ಅಡಿಗೆ ಬಿಳಿ ಪುಡಿ ಕೂತಿದೆ, ಎಲೆ ಉದುರುತ್ತಿವೆ. ಕಾಯಲ್ಲಿ ಔಷಧಿ ಅಂಶ ಉಳಿದರೆ ಖರೀದಿದಾರರು ತಕರಾರು ತೆಗೀತಾರೆ. ಮಜ್ಜಿಗೆ ಹುಲ್ಲಿನ ಎಣ್ಣೆ ಹೊಡೀರಿ, ಬೂಷ್ಟು ಸಾಯುತ್ತೆ ಅಂತ ಒಬ್ಬರು ಹೇಳಿದರು. ಹೊಡೀಲಾ? ಪಂಪಿಗೆ ಎಷ್ಟು ಹಾಕಲಿ?

ಉತ್ತರ (ಸಸ್ಯರೋಗ ತಜ್ಞೆ): ನಮಸ್ಕಾರ. ಬೂಷ್ಟು ಸಾಯುವುದು ನಿಜ. ಈ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲ್ ಎಂಬ, ನಿಂಬೆ ವಾಸನೆ ಕೊಡುವ ಅಂಶ ಇರುತ್ತದೆ. ಅದು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಕೆಡಿಸುತ್ತದೆ. ಲವಂಗದ ಯೂಜಿನಾಲ್, ಓಮದ ಥೈಮಾಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಪ್ರಯೋಗಾಲಯದಲ್ಲಿ ನಾವು ನೋಡುವುದು ಮುಚ್ಚಳ ಹಾಕಿದ ಗಾಜಿನ ತಟ್ಟೆಯಲ್ಲಿ. ಆವಿ ಹೊರಗೆ ಹೋಗುವುದೇ ಇಲ್ಲ. ನಿಮ್ಮ ಹೊಲಕ್ಕೆ ಮುಚ್ಚಳ ಎಲ್ಲಿದೆ? ಬಿಸಿಲು, ಗಾಳಿಗೆ ಎಣ್ಣೆ ಬೇಗ ಹಾರಿಹೋಗುತ್ತದೆ. ಬಾಟಲಿ ಮಾರುವವರು ಇದನ್ನು ಹೇಳುವುದಿಲ್ಲ.

ಮೆಣಸಿನಲ್ಲಿ ಇನ್ನೊಂದು ತೊಡಕಿದೆ. ಕುಂಬಳ, ಸೌತೆಯ ಬೂದಿ ರೋಗ ಎಲೆಯ ಮೇಲ್ಮೈಯಲ್ಲೇ ಹರಡುತ್ತದೆ. ಮೆಣಸಿನದು ಎಲೆಯ ಒಳಗೆ ಬೆಳೆದು, ಅಡಿಭಾಗದ ಸಣ್ಣ ರಂಧ್ರಗಳಿಂದ ಹೊರಗೆ ಇಣುಕುತ್ತದೆ. ಎಲೆಯ ಮೇಲ್ಭಾಗ ನೋಡಿ, ಹಳದಿ ಮಚ್ಚೆ ಇರುತ್ತವೆ. ಪುಡಿ ಕಾಣುವ ಹೊತ್ತಿಗೆ ರೋಗ ಒಳಗೆ ಬೇರೂರಿರುತ್ತದೆ. ಎಣ್ಣೆ ತಾಗಿದ ಕಡೆ ಮಾತ್ರ ಕೆಲಸ ಮಾಡುವುದರಿಂದ ಒಳಗಿನದಕ್ಕೆ ಏನೂ ಆಗುವುದಿಲ್ಲ.

ಹಾಗಾಗಿ ಎಲೆ ಉದುರುತ್ತಿರುವ ಸಾಲುಗಳಲ್ಲಿ ಎಣ್ಣೆಗೆ ದುಡ್ಡು ಸುರಿಯಬೇಡಿ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ. ಬಿಸಿಲು ಜಾಸ್ತಿ ಇರುವಾಗ ಬೇಡ. ಅಷ್ಟಕ್ಕೂ ನಿಲ್ಲದಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಲ್ಕು ಎಲೆ ಒಯ್ದು ತೋರಿಸಿ. ಕೊಯ್ಲಿಗೆ ಎಷ್ಟು ದಿನ ಮೊದಲು ಯಾವ ಔಷಧಿ ನಿಲ್ಲಿಸಬೇಕು ಅಂತಲೂ ಅಲ್ಲೇ ಕೇಳಿ.

ರೋಗ ಇನ್ನೂ ಬಾರದ ಕಡೆ ಎಣ್ಣೆ ಹೊಡೆದು ನೋಡಬೇಕೆಂದಿದ್ದರೆ ಲೀಟರಿಗೆ 1 ರಿಂದ 2 ಮಿಲಿ ಸಾಕು, ಅಂದರೆ 16 ಲೀಟರ್ ಪಂಪಿಗೆ 16 ರಿಂದ 32 ಮಿಲಿ. ಸಂಜೆ ಹೊಡೆಯಿರಿ. ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಎಲೆಯಂಚು ಕಂದಿದರೆ ಅಲ್ಲಿಗೇ ಬಿಡಿ. ಅಮೆರಿಕದಲ್ಲಿ ಲವಂಗದ ಎಣ್ಣೆಯನ್ನು ಕಳೆನಾಶಕವಾಗಿಯೇ ಮಾರುತ್ತಾರೆ. ಸಹಜ ಪದಾರ್ಥ ಅಂದಮಾತ್ರಕ್ಕೆ ಗಿಡಕ್ಕೆ ಮೃದು ಅಂತೇನಿಲ್ಲ.

ಪ್ರಶ್ನೆ (ಅದೇ ರೈತರು): ಎಣ್ಣೆ ನೀರಲ್ಲಿ ಬೆರೆಯಲ್ಲ ಅಲ್ವಾ ಮೇಡಂ? ಸೋಪು ಹಾಕಿದೆ, ಮೊಸರು ಒಡೆದಂಗೆ ಆಯ್ತು.

ಉತ್ತರ: ಬೋರ್‌ವೆಲ್ ನೀರಾ? ಗಡಸು ನೀರಿನ ಸುಣ್ಣಾಂಶ ಸೋಪಿನ ಜೊತೆ ಸೇರಿ ಹಾಗೆ ಒಡೆಯುತ್ತದೆ. ಮಳೆನೀರು ಬಳಸಿ, ಇಲ್ಲವೇ ಟ್ವೀನ್-20 ತರಹದ ಎಮಲ್ಸಿಫೈಯರ್ (ಎಣ್ಣೆ-ನೀರು ಬೆರೆಸುವ ಪದಾರ್ಥ) ತನ್ನಿ. ಎಣ್ಣೆಯನ್ನು ಮೊದಲು ಅದರ ಜೊತೆ ಕಲಸಿ, ಆಮೇಲೆ ನೀರು ಸ್ವಲ್ಪ ಸ್ವಲ್ಪ ಹಾಕಿ. ಗಾಜಿನ ಬಾಟಲಿಯಲ್ಲಿ ಕುಲುಕಿ ಹತ್ತು ನಿಮಿಷ ಇಡಿ. ಹಾಲಿನ ಹಾಗೆ ಬೆಳ್ಳಗೇ ಉಳಿದರೆ ಸರಿ. ಮೇಲೆ ಹಳದಿ ಉಂಗುರ ಕಟ್ಟಿದರೆ ಪಂಪಿಗೆ ಹಾಕಬೇಡಿ. ಕೊನೆಯ ಸಾಲಿಗೆ ಬರೀ ಎಣ್ಣೆಯೇ ಬಿದ್ದು ಗಿಡ ಸುಟ್ಟುಹೋಗುತ್ತದೆ.

ಪ್ರಶ್ನೆ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ): ಅಡಿಕೆ ಕೊಳೆಗೂ ಇದು ಆಗುತ್ತಾ ಮೇಡಂ?

ಉತ್ತರ: ಬೇಡ. ಮಲೆನಾಡಿನ ಮಳೆಗೆ ಎಣ್ಣೆ ಒಂದು ದಿನವೂ ನಿಲ್ಲುವುದಿಲ್ಲ. ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೂ ಅಲ್ಲ. ಮಳೆ ಹಿಡಿಯುವ ಮೊದಲು ಶೇ. 1ರ ಬೋರ್ಡೋ ದ್ರಾವಣ ಹೊಡೆಯಿರಿ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. 40–45 ದಿನ ಬಿಟ್ಟು ಇನ್ನೊಮ್ಮೆ.

ಪ್ರಶ್ನೆ (ಬ್ಯಾಡಗಿ): ಗಂಧಕ, ಎಣ್ಣೆ ಎರಡೂ ಒಟ್ಟಿಗೆ ಹೊಡೆದರೆ ಒಂದು ಆಳಿನ ಕೂಲಿ ಉಳಿಯುತ್ತಿತ್ತು.

ಉತ್ತರ: ಕೂಲಿ ಉಳಿಯುತ್ತೆ, ಎಲೆ ಉಳಿಯಲ್ಲ. ಎಣ್ಣೆಯ ಮೇಲೆ ಗಂಧಕ ಬಿದ್ದರೆ ಗಿಡ ಸುಡುತ್ತದೆ. ಎರಡರ ನಡುವೆ ಕನಿಷ್ಠ ಎರಡು ವಾರ ಬಿಡಿ. ಬೇವಿನೆಣ್ಣೆ ಹೊಡೆದಿದ್ದರೂ ಅಷ್ಟೇ.